ಗೋರಿಯ ಮೇಲೆ ಹಾಸದ ಬಟ್ಟೆ

ಒಬಿನಿತ್ಸ, ಎಸ್ಟೋನಿಯಾ
12 ಅಕ್ಟೋಬರ್ 2003

ಪ್ರೀತಿಯ ಅಕುಲೀನಾ ಚಿಕ್ಕಮ್ಮನಿಗೆ, ಹೆಲ್ಮಿಯ ನಮಸ್ಕಾರಗಳು.

ಅಜ್ಜಿಯನ್ನು ಮಣ್ಣು ಮಾಡಿ ಹನ್ನೊಂದು ದಿನವಾಯಿತು. ಗಡಿಯಾಚೆ ನಿಮ್ಮ ಪೆಟ್ಸೆರಿಯಲ್ಲಿ ಅಜ್ಜನ ಪಕ್ಕ ನೀವು ಉಳಿಸಿಟ್ಟ ಜಾಗಕ್ಕೆ ಅವಳನ್ನು ತರಲಾಗಲಿಲ್ಲ. ಹೆಣ ಗಡಿ ದಾಟಲು ಬೇಕಾದ ಕಾಗದಗಳು ಜೀವಂತ ಮನುಷ್ಯರಿಗೆ ಬೇಕಾದವಕ್ಕಿಂತ ಹೆಚ್ಚು. ನಿಮಗೂ ಈ ಕಡೆ ಬರಲು ವೀಸಾ ಸಿಗಲಿಲ್ಲ. ತಾಯಿಯ ಮುಖ ಮಗಳು ನೋಡದಂತೆ ಮಾಡುವ ಗೆರೆಯನ್ನು ನಾನು ಗಡಿ ಎಂದು ಒಪ್ಪುವುದಿಲ್ಲ. ಈಗ ರಷ್ಯಾ ಹಿಡಿದಿಟ್ಟುಕೊಂಡಿದ್ದರೂ, ಅದೇ ಸಹಿ ಹಾಕಿದ 1920ರ ಒಪ್ಪಂದದ ಪ್ರಕಾರ ಪೆಟ್ಸೆರಿ ನಮ್ಮದೇ. ನಮ್ಮ ಸಂಘದ ಕರಪತ್ರಗಳಲ್ಲಿ ಇದನ್ನೇ ಬರೆದಿದ್ದೇವೆ: ಸ್ವಂತ ಊರಿಗೆ ಹೋಗಲು ವೀಸಾ ಬೇಡುವವರು ಆ ಊರನ್ನು ಪರದೇಶವೆಂದು ಬರೆದುಕೊಟ್ಟಂತೆ.

ನೀವು ಕೇಳಿದ್ದೀರಿ: ನಿಮ್ಮ ನೆರೆಮನೆಯವರೆಲ್ಲ ಆಗಸ್ಟಿನ ಮೇರಿ ಮಾತೆಯ ಹಬ್ಬಕ್ಕೆ ಪೆಟ್ಸೆರಿಗೆ ಬಂದರಲ್ಲ, ನನ್ನ ಅಮ್ಮನಿಗೆ ಮಾತ್ರ ಯಾಕೆ ವೀಸಾ ಸಿಗಲಿಲ್ಲ ಎಂದು. ಅರ್ಜಿ ತಿರಸ್ಕಾರವಾಯಿತು. ಆ ಕಚೇರಿಗಳು ಕಾರಣ ಹೇಳುವುದಿಲ್ಲ.

ಅಜ್ಜಿ ಮಾತ್ರ ತಾನೇ ಒಂದು ಕಾರಣ ಹುಡುಕಿಕೊಂಡಳು. "ನನ್ನ ಫೋಟೋ ನೋಡಿ ಬೇಡ ಅಂದಿರ್ತಾರೆ ಬಿಡು. ಬಾಯಲ್ಲಿ ಒಂದು ಹಲ್ಲಿಲ್ಲ," ಎಂದಳು. ಆದರೂ ಹಬ್ಬದ ಬೆಳಿಗ್ಗೆ ಗಿಣ್ಣು, ಕಡುಬು, ಬೇಯಿಸಿದ ಮೊಟ್ಟೆ ಬುಟ್ಟಿಗೆ ತುಂಬಿ, ಎದೆಗೆ ಬೆಳ್ಳಿಯ ದೊಡ್ಡ ಪದಕ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ನಾನೂ ಹೋದೆ.

ಗಡಿಯ ಗೇಟಿನಲ್ಲಿ ಈ ಕಡೆಯ ಕಾವಲುಗಾರ ತಡೆದ. "ವೀಸಾ ಎಲ್ಲಜ್ಜಿ?"

"ಗಂಡನ ಜೊತೆ ಊಟ ಮಾಡೋಕೆ ಯಾರಪ್ಪ ವೀಸಾ ಕೇಳ್ತಾರೆ? ಗೋರಿ ಮೇಲೆ ಬಟ್ಟೆ ಹಾಸ್ತೀನಿ, ಉಣ್ತೀನಿ, ಕತ್ತಲಾಗೋದ್ರೊಳಗೆ ವಾಪಸ್ ಬರ್ತೀನಿ."

"ನಾನು ಬಿಟ್ರೂ ಆ ಕಡೆಯವರು ಬಿಡಲ್ಲಜ್ಜಿ."

ನಾನು ಮುಂದೆ ನುಗ್ಗಿ, ಇದು ಗಡಿಯೇ ಅಲ್ಲ ಎಂದು ವಾದಕ್ಕಿಳಿದೆ. ಅವನು ಸಮಾಧಾನದಿಂದಲೇ, "ಹಂಗಾದ್ರೆ ನಾನಿಲ್ಲಿ ಏನ್ ದನ ಕಾಯ್ತಿದೀನಾ ತಾಯಿ?" ಎಂದ. ಅಜ್ಜಿ ನಕ್ಕಳು. "ಸುಮ್ನಿರೇ ಹೆಲ್ಮಿ. ನಿನ್ ಭಾಷಣಕ್ಕೆ ಆ ಗೇಟು ಏಳಲ್ಲ."

ಆಮೇಲೆ ರಸ್ತೆಯ ಪಕ್ಕದ ಹುಲ್ಲಿನ ಮೇಲೆ ಬಟ್ಟೆ ಹಾಸಿ, ಪೆಟ್ಸೆರಿಯ ದಿಕ್ಕಿಗೆ ಮುಖಮಾಡಿ ಕುಳಿತಳು. ಕಾವಲುಗಾರನಿಗೂ ಒಂದು ಮೊಟ್ಟೆ ಕೊಟ್ಟಳು. ತಾನು ಏನನ್ನೂ ಬಾಯಿಗಿಡಲಿಲ್ಲ. ಮನೆಗೆ ಬರುವಾಗ ಒಂದೇ ಸಲ ಕೇಳಿದಳು: "ಅವರಿಗೆ ನಾನೇನು ಮಾಡಿದ್ದೆ?" ಅದಾದ ಮೇಲೆ ಅವಳು ಹಾಸಿಗೆ ಬಿಟ್ಟು ಎದ್ದದ್ದು ಕಡಿಮೆ.

ಅಜ್ಜಿ ತೀರಿಕೊಂಡ ನಲವತ್ತನೆಯ ದಿನ ಅಜ್ಜನ ಗೋರಿಯ ಮೇಲೆ ನೀವೇ ಬಟ್ಟೆ ಹಾಸಿ, ಇಬ್ಬರ ಪಾಲನ್ನೂ ಬಡಿಸಿ.

ನಿಮ್ಮ ಅಕ್ಕನ ಮಗಳು,
ಹೆಲ್ಮಿ

ವಿ.ಸೂ.: ಅಜ್ಜಿಯ ಅರ್ಜಿಯನ್ನು ಯಾರೂ ತಿರಸ್ಕರಿಸಲಿಲ್ಲ ಚಿಕ್ಕಮ್ಮ. ಅವಳು ಸಹಿ ಮಾಡಿ ನನ್ನ ಕೈಗೆ ಕೊಟ್ಟಿದ್ದಳು. ಅದರಲ್ಲಿ ಹೋಗಬೇಕಾದ ಊರಿನ ಮುಂದೆ ರಷ್ಯಾ ಎಂದು ಬರೆಯಬೇಕಿತ್ತು. ನಾನು ಬರೆಯಲಿಲ್ಲ. ಅರ್ಜಿಯನ್ನು ಚೀಲಕ್ಕೆ ತುರುಕಿ ವೀಸಾ ಕಚೇರಿಯ ಸಾಲಿನಿಂದಲೇ ಹಿಂತಿರುಗಿದೆ, ಬೇಡ ಅಂದರಂತೆ ಎಂದು ಅವಳಿಗೆ ಹೇಳಿದೆ. ನನ್ನ ಅಮ್ಮನಿಗೆ ಇನ್ನೂ ಗೊತ್ತಿಲ್ಲ. ಆ ದಿನ ಸಾಲಿನಲ್ಲಿ ನನ್ನ ಮುಂದೆ ಇದ್ದವರು ಇಬ್ಬರೇ.