ಹೆಗಲು ಕೊಟ್ಟವನ ಪೊಟ್ಟಣ

ಜನವರಿ 9, ಗುರುವಾರ. ಶಿರಾಳಕೊಪ್ಪ

ಅಂಗಡಿಯ ಶಟರ್ ಎತ್ತಿದೆ. ಗೊಬ್ಬರದ ವಾಸನೆ. ಇವರ ಅಂಗಿಗಳಿಗೂ ಅದೇ ವಾಸನೆ... ಒಳಗೆ ಹೋಗದೆ ಸ್ವಲ್ಪ ಹೊತ್ತು ನಿಂತೆ.

ಶಿಕಾರಿಪುರದಿಂದ ಇವರ ತಮ್ಮ ಯತೀಶ ಬಂದಿದ್ದ. ಅವನದೂ ಗೊಬ್ಬರದ ಅಂಗಡಿಯೇ. ಬೀಜದ ಕಂಪನಿಯವರು ಡೀಲರ್‌ಗಳನ್ನು ಬ್ಯಾಂಕಾಕ್‌ಗೆ ಕರೆದೊಯ್ಯುತ್ತಾರಂತೆ. ಟಾರ್ಗೆಟ್ ಮುಟ್ಟಿಸಿದ್ದು ಇವರು. ಇವರ ಬದಲು ನಾನು ಹೋಗಬೇಕಂತೆ.

"ಅಣ್ಣ ದುಡಿದು ಗಳಿಸಿದ್ದು ಅತ್ತಿಗೆ. ಬಿಟ್ರೆ ಅವನಿಗೆ ಬ್ಯಾಸರ ಆಗಲ್ವೇನ್ರೀ? ನಾ ಇರ್ತೀನಲ್ಲ."

ಬೇಡ ಅನ್ನಲಾಗಲಿಲ್ಲ. ಕಾರ್ತಿಕದಲ್ಲಿ ಇವರನ್ನು ಹೊತ್ತಾಗ ಮುಂದೆ ಹೆಗಲು ಕೊಟ್ಟವನು ಅವನೇ. ಮಣ್ಣಿನ ಜಾಗದವರೆಗೂ ಹೆಗಲು ಬದಲಿಸಲಿಲ್ಲ.

ಜನವರಿ 19, ಭಾನುವಾರ. ಬ್ಯಾಂಕಾಕ್

ನನ್ನ ರೂಮಿನಲ್ಲಿ ಹುಲಿಗೆಮ್ಮ. ಹೊಸಬಾಳೆಯವರು, ಗಂಡನಿಗೆ ಸೊರಬದಲ್ಲಿ ಅಂಗಡಿ. ಗಂಡನಿಗೆ ಮಂಡಿನೋವು, ಹುಲಿಗೆಮ್ಮ ಒಬ್ಬರೇ ಬಂದಿದ್ದಾರೆ. ಬಾಯಿಗೆ ಬಿಡುವಿಲ್ಲ.

ಕಂಪನಿಯ ಹುಡುಗಿ ಚೈತ್ರ ಎಲ್ಲರನ್ನೂ ಕೂರಿಸಿ ಹೇಳಿದಳು. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ. ಒಬ್ಬೊಬ್ಬರೇ ಹೋಗಬೇಡಿ. "ಯಾರೇ ಏನೇ ಕೊಟ್ರೂ ತಗೋಬೇಡಿ. ನಿಮ್ಮ ಬ್ಯಾಗಲ್ಲಿ ಸಿಕ್ಕಿದ್ದು ನಿಮ್ಮದೇ ಅಂತ ಲೆಕ್ಕ ಇಲ್ಲಿ."

ಹುಲಿಗೆಮ್ಮ ನನ್ನ ಕಿವಿಯಲ್ಲಿ, "ಈ ಹುಡ್ಗಿನ ಒಂದ್ಸಲ ನಮ್ ಸೊರಬದ ಬಸ್ಸಿಗೆ ಹತ್ತಿಸ್ಬೇಕು ಮಾರಾಯ್ತಿ. ಕಿಟಕೀಲಿ ಬರೋ ಕಂಡೋರ ಚೀಲದ ಮಧ್ಯ ಇವಳೇ ಕಾಣಾದಿಲ್ಲ."

ನಕ್ಕೆ. ಇವರು ಹೋದ ಮೇಲೆ ಮೊದಲ ಸಲ. ಆಮೇಲೆ ಒಂಥರಾ ಆಯಿತು.

ಜನವರಿ 21, ಮಂಗಳವಾರ

ತಿಂಡಿಯ ಹೊತ್ತಿಗೆ ಯತೀಶ ಮೂಲೆಯ ಟೇಬಲ್‌ನಲ್ಲಿದ್ದ. ಜೊತೆಗೆ ಇಬ್ಬರು. ನಮ್ಮ ಗುಂಪಿನವರಲ್ಲ. ನನ್ನನ್ನು ಕಂಡ ಕೂಡಲೇ ಮೂವರದೂ ಮಾತು ನಿಂತಿತು. ಯಾರು ಅಂದೆ. "ಬಿಸ್ನೆಸ್ ಫ್ರೆಂಡ್ಸು" ಅಂದ. ಇಡ್ಲಿ ಮುಟ್ಟಿರಲಿಲ್ಲ.

ಜನವರಿ 23, ಗುರುವಾರ

ನಾಳೆ ವಾಪಸ್.

ಯತೀಶ ರೂಮಿನ ಬಾಗಿಲಿಗೆ ಬಂದು ಒಂದು ಪೊಟ್ಟಣ ಕೊಟ್ಟ. ಸುತ್ತಲೂ ಟೇಪ್. "ಟೀ ಪುಡಿ ಅತ್ತಿಗೆ. ನನ್ನ ಬ್ಯಾಗ್ ಫುಲ್. ಬೆಂಗಳೂರಲ್ಲಿ ನಾನೇ ಇಸ್ಕೋತೀನಿ."

ಚೈತ್ರಾಳ ಮಾತು ನೆನಪಿತ್ತು. ಆದರೂ ಒಳಗೇನು ಅಂತ ಕೇಳಲಿಲ್ಲ. ನಮ್ಮ ಕಡೆ ಕೇಳುವುದಿಲ್ಲ. ಕೇಳಿದರೆ ಕಳ್ಳ ಅಂದಂತೆ. ಅದೂ ಹೆಗಲು ಕೊಟ್ಟವನನ್ನು...

ಹೋಗುತ್ತಾ ಅಂದ, "ನಾಳೆ ಏರ್‌ಪೋರ್ಟಲ್ಲಿ ನನ್ನ ಮಾತಾಡಿಸ್ಬ್ಯಾಡ್ರಿ." ಯಾಕೆ ಅನ್ನುವಷ್ಟರಲ್ಲಿ ಲಿಫ್ಟ್ ಮುಚ್ಚಿತು.

ಪೊಟ್ಟಣ ಮೂಸಿದೆ. ಟೀ ವಾಸನೆ ಇಲ್ಲ.

ಸಂಜೆ

ವಾಪಸ್ ಕೊಡಲು ಹೋದೆ. ರೂಮಿನಲ್ಲಿಲ್ಲ. ಫೋನ್ ಆಫ್. ಬ್ಯಾಗಿನ ತಳದಲ್ಲಿಟ್ಟೆ. ಬೆಳಿಗ್ಗೆ ಕೊಟ್ಟೇ ಬಿಡುತ್ತೇನೆ.

ಜನವರಿ 24, ಶುಕ್ರವಾರ. ಏರ್‌ಪೋರ್ಟ್

ಬೆಳಿಗ್ಗೆ ಬ್ಯಾಗ್ ತೆಗೆದರೆ ಪೊಟ್ಟಣ ಇರಲಿಲ್ಲ. ಮಂಚದ ಕೆಳಗೂ ನೋಡಿದೆ. ಎಲ್ಲಿ ಹುಡುಕಲಿ. ಅಷ್ಟರಲ್ಲಿ ವ್ಯಾನಿಗೆ ಕರೆದರು.

ವ್ಯಾನಿನಲ್ಲಿ ಹುಲಿಗೆಮ್ಮ, "ನೀ ಸ್ನಾನಕ್ಕೆ ಹೋದಾಗ ನಿನ್ ಬ್ಯಾಗ್ ಎತ್ತಿ ನೋಡ್ದೆ. ಕಲ್ಲು ಭಾರ. ಆ ಪೊಟ್ಟಣ ನಾನೇ ಹಾಕ್ಕಂಡೆ. ನಂದು ಖಾಲಿ ಅದೆ."

ಆಗಲೇ ಹೇಳಬೇಕಿತ್ತು. ಮುಂದಿನ ಸೀಟಿನಲ್ಲಿ ಯತೀಶ. ಅವನ ಬಲಹೆಗಲು ನನ್ನ ಕಣ್ಣ ಮುಂದೆಯೇ ಇತ್ತು.

ಈಗ ಹುಲಿಗೆಮ್ಮನನ್ನು ಗಾಜಿನ ಬಾಗಿಲ ಒಳಗೆ ಕೂರಿಸಿದ್ದಾರೆ. ಸ್ಕ್ಯಾನ್‌ನಲ್ಲಿ ಅವರ ಬ್ಯಾಗ್ ನಿಂತಿತು. ಪೊಟ್ಟಣ ಕೊಯ್ದರು. ನಾಲ್ಕು ಜನ ಪೊಲೀಸರು. ಚೈತ್ರ ಹೊರಗೆ ಬಂದಾಗ ಅಳುತ್ತಿದ್ದಳು.

"ಯಾರು ಕೊಟ್ಟಿದ್ದು ಹೇಳಿ ಅಂದ್ರೆ ನಂದೇ ಅಂತಾರೆ ಆಂಟಿ. ಒಳಗಿದ್ದದ್ದು ಡ್ರಗ್ಸು. ಗೊತ್ತಾ ನಿಮಗೆ, ಇದಕ್ಕಿಲ್ಲಿ ಜೀವಮಾನವಿಡೀ ಜೈಲು..."

ಒಪ್ಪಿಕೊಂಡ ಚೀಲಕ್ಕೆ ಇನ್ನೊಬ್ಬರ ಹೆಸರು ಹೇಳುವವರಲ್ಲ ಹುಲಿಗೆಮ್ಮ.

ಯತೀಶ ಆಗಲೇ ತಪಾಸಣೆ ದಾಟಿ ಹೋಗಿದ್ದಾನೆ. ಮೆಸೇಜ್ ಬಂತು. 'ಸುಮ್ನಿರಿ ಅತ್ತಿಗೆ. ಅಣ್ಣನ ಆಣೆ.'

ಇವರ ಆಣೆ.

ಗಾಜಿನ ಆಚೆಯಿಂದ ಹುಲಿಗೆಮ್ಮ ನನಗೆ ಕೈ ಬೀಸುತ್ತಿದ್ದಾರೆ. ನೀ ಹೋಗು ಅನ್ನುವ ಹಾಗೆ. ಗಂಡನ ಮಂಡಿಗೆ ಅಂತ ಕೊಂಡ ಎಣ್ಣೆ ಶೀಶೆ ಇನ್ನೂ ಇನ್ನೊಂದು ಕೈಯಲ್ಲಿದೆ.

ಚೈತ್ರಾಳನ್ನು ಕರೆದೆ. ಮೆಸೇಜ್ ತೆಗೆದಿಟ್ಟುಕೊಂಡಿದ್ದೇನೆ. ಬಾಗಿಲು ತೆರೆಯುತ್ತಿದ್ದಾರೆ. ಮೊದಲು ಹೇಳಬೇಕಾದದ್ದು ಇಷ್ಟೇ — ಅದು ನನ್ನ ಬ್ಯಾಗಿನಲ್ಲಿತ್ತು, ನನಗೆ ಕೊಟ್ಟವನು