ತಮ್ಮ ‘ಅಲ್ಪ ಏರುಪೇರು’ ಮತ್ತು ನಮ್ಮ ಕೊಟ್ಟಿಗೆ ಬಾಗಿಲು

ಬೆಂಗಳೂರಿನಲ್ಲಿ ಕುಳಿತು ಹಳ್ಳಿಗಳಲ್ಲಿ ಗರ್ಭನಿರೋಧಕ ಇಂಜೆಕ್ಷನ್ ಶಿಬಿರ ನಡೆಸುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನನಗೆ ಮದುವೆಯಾಯಿತು! ಮೇ ಐದರಂದು, ಶಿಕಾರಿಪುರದಲ್ಲಿ. ವರ ಸೊರಬದ ಮೇಷ್ಟ್ರು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಅತ್ತೆ ಶೇಷಮ್ಮನವರ ಅಪ್ಪಣೆಯಾಗಿದೆ; ಬರೆಯಬಾರದೆಂದು ಹೇಳಿಲ್ಲ: ಸದಾಶಿವಪ್ಪ. ಇಷ್ಟು ಸಂತೋಷವನ್ನು ತಮ್ಮ ಕಚೇರಿಗೂ ಹಂಚದೆ ಇರಲಾರೆ. ಆದರೆ ನಾನು ಸೇರಕ್ಕಿ ಒದ್ದು ಒಳಗೆ ಬಂದಾಗ, ಮನೆಯ ಹಿರಿಯ ಸೊಸೆ, ನನ್ನ ವಾರಗಿತ್ತಿ ಲೋಕಮ್ಮನವರು, ಕೊಟ್ಟಿಗೆಯಲ್ಲಿ ಕುಳಿತು ಓಲಗದ ಸದ್ದು ಕೇಳುತ್ತಿದ್ದರು. ಅವರನ್ನು ಅಲ್ಲಿ ಕೂರಿಸಿದ್ದು ತಮ್ಮ ಸೂಜಿ.

ನಮ್ಮ ಮನೆಯಲ್ಲಿ ತಿಂಗಳ ಮೂರು ದಿನ ಹೆಂಗಸರು ಕೊಟ್ಟಿಗೆಯಲ್ಲಿರುತ್ತಾರೆ. ನಾಲ್ಕನೆಯ ದಿನ ಸ್ನಾನ ಮಾಡಿ ಒಳಗೆ ಬರುತ್ತಾರೆ. ಈ ನಿಯಮ ನನಗೆ ಇಷ್ಟವೇ ಎಂದು ತಾವು ಕೇಳಬಹುದು. ಇಲ್ಲ. ಆದರೆ ಮೂರು ದಿನದ ನಿಯಮವನ್ನು ಮೂರು ತಿಂಗಳು ಮೀರಿ ಎಳೆದವರು ನಮ್ಮ ಅತ್ತೆಯಲ್ಲ. ಜನವರಿಯಲ್ಲಿ ತಮ್ಮ ಶಿಬಿರದಲ್ಲಿ ಲೋಕಮ್ಮನವರಿಗೆ ಇಂಜೆಕ್ಷನ್ ಹಾಕಿದರು. “ನರ್ಸಮ್ಮ ಶಕ್ತಿ ಸೂಜಿ ಅಂದ್ಲು ಕಣೇ. ಬಾಣಂತನ ಮುಗ್ದು ಮೈ ಸೋತಿತ್ತಲ, ತೋಳು ಕೊಟ್ಟೆ,” ಎನ್ನುತ್ತಾರೆ ಅವರು. ಫೆಬ್ರವರಿಯಲ್ಲಿ ಶುರುವಾದ ರಕ್ತಸ್ರಾವ ನಿಲ್ಲಲಿಲ್ಲ. ಮಗು ಹಾಲಿಗೆ ಅತ್ತಾಗ ಅದರ ಬಟ್ಟೆ ಕಳಚಿ ತಾಯಿಯ ಬಳಿ ಬಿಡುತ್ತಿದ್ದರು, ಮೈಲಿಗೆ ಬಟ್ಟೆಗೆ ಅಂಟುತ್ತದೆಯಂತೆ, ಮಗುವಿಗೆ ಅಂಟುವುದಿಲ್ಲವಂತೆ. ಲೋಕಮ್ಮನವರು ಎರಡು ಸಲ ತಲೆಸುತ್ತಿ ಬಿದ್ದರು. ಏಪ್ರಿಲ್‌ನಲ್ಲಿ ಅದೇ ನರ್ಸಮ್ಮ ಮತ್ತೆ ಬಂದು, ಇನ್ನೊಂದು ಚುಚ್ಚಿದರೆ ಇದು ನಿಲ್ಲುತ್ತದೆ ಎಂದರಂತೆ. ಈ ಸಲ ಲೋಕಮ್ಮನವರು ತೋಳು ಕೊಡಲಿಲ್ಲ. ಬೆಂಕಿ ಆರಿಸಲು ಸೀಮೆಎಣ್ಣೆ ತರುವ ಈ ವಿದ್ಯೆಯನ್ನು ತಮ್ಮ ಇಲಾಖೆ ಎಲ್ಲಿ ಕಲಿಸುತ್ತದೆ?

ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಹೋದಾಗ ಈ ಕತೆಯನ್ನು ನಮ್ಮ ಬಳೆಗಾರ್ತಿ ಹಾಜಿರಾ ಬೀ ಅವರಿಗೆ ಹೇಳಿದೆ. ಅವರು ನನ್ನ ಕೈಯನ್ನು ಹಾಗೇ ಹಿಡಿದುಕೊಂಡು ಹೇಳಿದರು: “ನಂಗೂ ಅದೇ ಸೂಜಿರೀ, ಅದೇ ಗತಿ. ಹನ್ನೊಂದು ಮಂದಿ ಕೂಡಿ ಬೆಂಗಳೂರಾಗೆ ಕೇಸ್ ಹಾಕೀವಿ. ನಿಮ್ಮಕ್ಕನ್ನೂ ಸೇರಿಸ್ರಿ. ಒಬ್ಬಳೇ ಅತ್ರೆ ಹೆಂಗಸಿನ ಕಾಯಿಲೆ ಅಂತಾರೆ. ಹನ್ನೆರಡು ಮಂದಿ ಅತ್ರೆ ಏನಂತಾರೋ ನೋಡೋಣ.”

ಕೇಸಿಗೆ ಸೇರಲು ಶಿಬಿರದ ಕಾಗದ ಬೇಕೆಂದರು ಅವರ ವಕೀಲರು. ಲೋಕಮ್ಮನವರ ಪರವಾಗಿ ನಾನೇ ತಮಗೆ ಬರೆದೆ. ತಮ್ಮ ಉತ್ತರ ಬಂತು. ತಮ್ಮ ಪ್ರಕಾರ ಇದು ‘ಅಲ್ಪ ಏರುಪೇರು’. ಜೊತೆಗೆ, ‘ಸ್ರಾವದ ದಿನಗಳನ್ನು ಆಯಾ ದಿನವೇ ಗುರುತಿಸಿದ ಯಾವ ದಾಖಲೆಯೂ ಇಲ್ಲವಾದ್ದರಿಂದ’ ದೂರು ನಂಬಲರ್ಹವಲ್ಲ. ಒಪ್ಪಿಗೆ ಪತ್ರದ ನಕಲನ್ನು ಮಾತ್ರ ಮರೆಯದೆ ಲಗತ್ತಿಸಿದ್ದೀರಿ. ನಾನು ಶಿವಮೊಗ್ಗದ ಕಾನ್ವೆಂಟಿನಲ್ಲಿ ಓದಿದವಳು, ಓದಿ ನೋಡಿದೆ. ‘ಎಲ್ಲ ಅಪಾಯಗಳನ್ನೂ ನನ್ನ ಮಾತೃಭಾಷೆಯಲ್ಲಿ ವಿವರಿಸಲಾಗಿದೆ’ ಎಂದು ಬಹಳ ಸೊಗಸಾದ ಇಂಗ್ಲಿಷಿನಲ್ಲಿದೆ. ಕೆಳಗೆ ಲೋಕಮ್ಮನವರ ಎಡಗೈ ಹೆಬ್ಬೆಟ್ಟಿದೆ.

ತಮ್ಮ ಉತ್ತರವನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ಅಕ್ಕಿ ಕೇರುವುದನ್ನು ನಿಲ್ಲಿಸಿದರು.

“ಗುರ್ತು ಇಲ್ಲ ಅಂದ್ನ? ಯಾವನೇ ಅವ್ನು? ಕೊಟ್ಟಿಗೆ ಬಾಗ್ಲು ನೋಡು ಹೋಗು.”

ನೋಡಿದೆ. ಸೊಸೆ ಒಂದು ದಿನ ಮೊದಲೇ ಒಳಗೆ ಬಂದುಬಿಟ್ಟಾಳೆಂದು ಅತ್ತೆ ದಿನಕ್ಕೊಂದು ಇದ್ದಿಲ ಗೀಟು ಎಳೆಯುತ್ತಾರೆ, ಸ್ನಾನದ ದಿನ ಅವುಗಳ ಮೇಲೆ ಅಡ್ಡಗೀಟು. ಬಾಗಿಲ ಒಳಮೈಯಲ್ಲಿ ಹೋದ ವರ್ಷದ್ದೂ ಇದೆ: ಮೂರು ಗೀಟು, ಅಡ್ಡ. ಮೂರು ಗೀಟು, ಅಡ್ಡ. ಆಮೇಲೆ ಬಸಿರು, ಬಾಣಂತನದ ಬಿಡುವು. ಫೆಬ್ರವರಿಯಿಂದ ತೊಂಬತ್ತಾರು ಗೀಟು, ಅಡ್ಡವೇ ಇಲ್ಲ. ಅತ್ತೆಯವರಿಗೆ ತಮ್ಮ ಮೇಲೆ ಯಾವ ದ್ವೇಷವೂ ಇರಲಿಲ್ಲ. ಸೊಸೆಯ ಮೇಲಿನ ಅನುಮಾನದಿಂದಲೇ ಅಷ್ಟು ನಿಖರವಾಗಿ ಬರೆದಿದ್ದಾರೆ. ಇದಕ್ಕಿಂತ ನಿಷ್ಪಕ್ಷಪಾತ ಗುಮಾಸ್ತರು ತಮ್ಮ ಕಚೇರಿಯಲ್ಲಿದ್ದಾರೆಯೇ?

ಅತ್ತೆ ತೊಂಬತ್ತಾರನ್ನೂ ಬೆರಳಿಟ್ಟು ಎಣಿಸಿದರು. ಇದ್ದಿಲು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. “ಬರೆದಾಕಿ ನಾನೇ. ಒಂದ್ ದಿನಾನೂ ಓದ್ಲಿಲ್ಲ ನೋಡು,” ಎಂದವರೇ ನಮ್ಮವರನ್ನು ಕರೆದು, “ಸದಾಶಿವಾ, ಬಾಗ್ಲು ಕೀಳೋ” ಎಂದರು.

ರೈಲು ಹಿಡಿಯಲು ಶಿವಮೊಗ್ಗದವರೆಗೆ ಬಸ್ಸಿಗಾಗಿ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿಯಾಗಿದೆ. “ಬಾಗ್ಲಿಗೆ ಟಿಕೆಟ್ ಇಲ್ಲ, ಮೇಲೆ ಹಾಕ್ರೀ. ಕೊಟ್ಟಿಗೇನೂ ತರ್ತೀರಂದ್ರೆ ಮಾತ್ರ ಮಾತಾಡ್ಬೇಕಾಗ್ತದೆ,” ಎಂದಿದ್ದಾರೆ ಕಂಡಕ್ಟರ್ ಜಮಾಲ್ ಸಾಬ್.

ಕೇಸಿಗೆ ಸೇರಲು ಕೊನೆಯ ದಿನ ಜೂನ್ ಇಪ್ಪತ್ತಾರು. ಅಂದು ನ್ಯಾಯಾಲಯದ ಮುಂದೆ ಲೋಕಮ್ಮನವರ ಶಿಬಿರದ ಕಾಗದಗಳನ್ನೆಲ್ಲ ತಾವು ಹಾಜರುಪಡಿಸಬೇಕು. ‘ಅಲ್ಪ’ ಎಂಬ ಮಾತನ್ನು ಆ ಬಾಗಿಲ ಎದುರು ನಿಂತು, ಲೋಕಮ್ಮನವರಿಗೆ ಅರ್ಥವಾಗುವ ಭಾಷೆಯಲ್ಲಿ ಒಮ್ಮೆ ಹೇಳಬೇಕು. ಹೇಳಲಾಗದಿದ್ದರೆ ಹಿಂದಕ್ಕೆ ಪಡೆಯಬೇಕು. ಅಲ್ಲಿಯವರೆಗೆ ಇನ್ನೊಂದು ತೋಳಿಗೂ ಆ ಸೂಜಿ ತಾಗಕೂಡದು. ಅತ್ತೆ, ಲೋಕಮ್ಮನವರು, ಮಗು, ನಾವಿಬ್ಬರು ಮತ್ತು ಬಾಗಿಲು ಜೂನ್ ಇಪ್ಪತ್ತಾರು, ಸೋಮವಾರ ಬೆಳಿಗ್ಗೆ, ಶಿವಮೊಗ್ಗದ ರೈಲಿನಲ್ಲಿ ಬೆಂಗಳೂರಿಗೆ ಬಂದಿಳಿಯುತ್ತೇವೆ.

ಇಂತಿ,
ಮಧುಚಂದ್ರಕ್ಕೆಂದು ಬೆಂಗಳೂರು ನೋಡಬೇಕೆಂದಿದ್ದ,
ಸೊರಬದ ಕಿರಿಯ ಸೊಸೆ