ಬಾಗಿಲ ಮೇಲಿನ ಜಾಗ

ಇಂಡಿ
4 ಮೇ 2006

ಗೆಳೆಯ ಬಾಬುಲಾಲನಿಗೆ,

ಅನೀಲಕುಮಾರನ ನಮಸ್ಕಾರ. ಹೋದ ವರ್ಷ ಫೆಬ್ರುವರಿಯಲ್ಲಿ ನಿನ್ನ ಮೇಲೆ, ಮನೆ ಮಾರಲಿದ್ದ ಬಸಂತರಾಯರಿಗೆ ಒಂದು ಮೂಗರ್ಜಿ ಹೋಗಿತ್ತಲ್ಲ, ಅದನ್ನು ಬರೆದವನು ನಾನು.

ಇಷ್ಟು ಹೇಳಲು ಹದಿನೈದು ತಿಂಗಳು ತಡವಾಯಿತು. ನಾಲ್ಕು ಓಣಿ ಆಚೆ ಇರುವವನಿಗೆ ಪತ್ರ ಬರೆಯುತ್ತಿದ್ದೇನೆಂದು ನಗಬೇಡ. ಹೇಳಲೆಂದೇ ಮೂರು ಸಲ ನಿನ್ನ ಅಂಗಡಿಗೆ ಬಂದೆ. ಮೂರು ಸಲವೂ ನಾನು ಬಾಯಿ ತೆರೆಯುವ ಮೊದಲೇ ನೀನು ನಿಂಬೆ ಶರಬತ್ತಿನ ಗ್ಲಾಸು ಕೈಗೆ ಕೊಟ್ಟೆ. ಕುಡಿದು ಗ್ಲಾಸು ಇಟ್ಟು ಬಂದೆ.

ನಾನು ಹೊಟ್ಟೆಕಿಚ್ಚಿನಿಂದ ಬರೆದೆ. ಬೇರೆ ಕಾರಣ ಹುಡುಕಿದರೆ ಸಿಗಬಹುದು, ಆದರೆ ಹುಡುಕುವುದಿಲ್ಲ. ಅದು ಒಂದು ದಿನದ ಕಿಚ್ಚೂ ಅಲ್ಲ. ಹತ್ತು ವರ್ಷ ನೀನು ಬೆಳೆದಂತೆ ಅದೂ ಬೆಳೆಯಿತು.

ಝಳಕಿ ನೆನಪಿದೆಯೇ? 1995ರ ಬೇಸಿಗೆ. ನಾನು ಒಂಬತ್ತನೇ ಇಯತ್ತೆ ಬಿಟ್ಟು ಹೆದ್ದಾರಿಯ ಗ್ಯಾರೇಜಿನಲ್ಲಿ ನಬಿಸಾಬ ಚಾಚಾನ ಕೈಕೆಳಗೆ ಲಾರಿಗಳ ಮೇಲೆ ಅಕ್ಷರ ಬರೆಯಲು ಕಲಿಯುತ್ತಿದ್ದೆ. ನೀನು ಭೀಲವಾಡಾ ಕಡೆಯ ಹಳ್ಳಿಯಿಂದ ಬಂದು ಯಾವನೋ ಸೇಠನ ಕುಲ್ಫಿ ಗಾಡಿ ತಳ್ಳುತ್ತಿದ್ದೆ. ಇಬ್ಬರಿಗೂ ಹದಿನಾರು ವರ್ಷ. ನಿನಗೆ ಬರುತ್ತಿದ್ದ ಕನ್ನಡ ಎರಡೇ ಶಬ್ದ: ‘ತಣ್ಣಗ’ ಮತ್ತು ‘ಬ್ಯಾಡ’. ಒಂದು ದಿನ ನಿನ್ನನ್ನು ಮನೆಗೆ ಕರೆತಂದೆ. ನಮ್ಮವ್ವ ರೊಟ್ಟಿಯ ಮೇಲೆ ಹಸಿಮೆಣಸಿನಕಾಯಿ ಖಾರ ಹಾಕಿಕೊಟ್ಟಳು. ನಿನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವಳು ತಾಟು ಎಳೆದುಕೊಳ್ಳಲು ಬಂದರೆ ನೀನು ‘ಬ್ಯಾಡ, ಬ್ಯಾಡ’ ಎಂದು ತಾಟನ್ನೇ ಅಪ್ಪಿಕೊಂಡೆ.

‘ಈ ಹುಡುಗಗ ಇನ್ನ ಊರಾಗ ಯಾರ ಭಯಾನೂ ಇಲ್ಲ ಬಿಡ,’ ಎಂದಳು ಅವ್ವ. ‘ಸಿದ್ದಲಿಂಗವ್ವನ ಖಾರ ತಿಂದಾನ.’

ನಿನಗೆ ಅಕ್ಷರ ಕಲಿಸಿದವನು ನಾನು. ಗಾಡಿಯ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿಸಿದೆ. ಪ್ರತಿ ಅಕ್ಷರದ ಕೊನೆಯನ್ನು ತುಸು ಮೇಲಕ್ಕೆ ಎತ್ತಿ ಬಿಡುವುದು ನನ್ನ ರೂಢಿ, ನೀನೂ ಎತ್ತಿದೆ. ಇವತ್ತಿಗೂ ನಿನ್ನ ಅಂಗಡಿಯ ಗೋಡೆಯ ಮೇಲಿನ ದರದ ಪಟ್ಟಿ ಕಂಡರೆ ಇದನ್ನು ನಾನೇ ಬರೆದೆನೇ ಎಂದು ಒಂದು ಗಳಿಗೆ ನಿಲ್ಲುತ್ತೇನೆ. ಪ್ರತಿ ತಿಂಗಳೂ ನಿಮ್ಮವ್ವನಿಗೆ ಹೋಗುವ ಮನಿಯಾರ್ಡರ್ ಫಾರ್ಮ್ ತುಂಬುತ್ತಿದ್ದವನೂ ನಾನೇ. ನಿನ್ನ ಹತ್ತಿರವಿದ್ದ ಚೀಟಿ ನೋಡಿ ಇಂಗ್ಲಿಷ್ ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಿದ್ದೆ. ಧಾಪೂದೇವಿ, ಗಂಡ ದಿವಂಗತ ಮೋತಿರಾಮ. ಎರಡು ವರ್ಷ ಬರೆದಿದ್ದೇನೆ ಆ ಹೆಸರನ್ನು. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆಮೇಲೆ ನೀನು ಸೇಠನನ್ನು ಬಿಟ್ಟು ಇಂಡಿಗೆ ಬಂದು ಸ್ವಂತ ಗಾಡಿ ಹಾಕಿದೆ. ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ಹಿಡಿದೆ. ಇಲ್ಲಿಯ ನಿಂಬೆಹಣ್ಣಿಗೆ ನಿಮ್ಮೂರಿನ ಜೀರಿಗೆ ಮಸಾಲೆ ಕೂಡಿಸಿ ಶರಬತ್ತು ಮಾಡಿದೆ. ಹುಟ್ಟಿದಾಗಿನಿಂದ ನಿಂಬೆಹಣ್ಣು ನೋಡುತ್ತ ಬಂದ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಸಿಂದಗಿಯಲ್ಲಿ ಎರಡನೇ ಅಂಗಡಿ, ಮುದ್ದೇಬಿಹಾಳದಲ್ಲಿ ಮೂರನೆಯದು. ನಾನೂ ಸುಮ್ಮನಿರಲಿಲ್ಲ, ಆದರೆ ಒಂದು ಕಡೆ ನಿಲ್ಲಲೂ ಇಲ್ಲ. ‘ಇವನ ಕೈ ಚಲೋ ಐತಿ’ ಎಂದು ನಬಿಸಾಬ ಚಾಚಾ ನಾಲ್ಕು ಮಂದಿ ಮುಂದೆ ಹೇಳಿದ ತಿಂಗಳೇ ಬ್ರಷ್ಷು ಇಟ್ಟು ಲಾರಿ ಕ್ಲೀನರ್ ಆಗಿ ಹೋದೆ. ತಿರುಗಿ ಬಂದೆ. ಮುದ್ದೇಬಿಹಾಳದಲ್ಲಿ ಅರಿವೆ ಅಂಗಡಿಗೆ ಸೇರಿದೆ. ‘ಬಣ್ಣ ಹೋಗತೈತೇನಪಾ?’ ಎಂದು ಒಬ್ಬ ಮುದುಕಿ ಕೇಳಿದಳು. ‘ಮೊದಲನೇ ಸಲಕ್ಕ ಹೋಗತೈತಬೇ’ ಎಂದೆ. ಮಾಲಕ ಅವತ್ತೇ ಲೆಕ್ಕ ಹರಿದು ಕಳಿಸಿದ. ಸಿಂದಗಿಯಲ್ಲಿ ಟಂಟಂ ಓಡಿಸಿದೆ. ಮತ್ತೆ ಬ್ರಷ್ಷು ಹಿಡಿದೆ.

ನಿನ್ನ ಎಲ್ಲ ಬೋರ್ಡುಗಳನ್ನೂ ಬರೆದವನು ನಾನು ತಾನೆ. ಮೊದಲು ಗಾಡಿಯ ಮೇಲೆ ‘ಬಾಬು ಕುಲ್ಫಿ’, ಗೇಣುದ್ದ. ಆಮೇಲೆ ‘ಬಾಬುಲಾಲ ಕೋಲ್ಡ್ರಿಂಕ್ಸ್’, ಎಂಟು ಫೂಟು. ಮುದ್ದೇಬಿಹಾಳದ್ದು ಹದಿನಾರು ಫೂಟು. ಏಣಿ ಸರಿಸಿ ಸರಿಸಿ ಬರೆದೆ. ಪ್ರತಿ ಬೋರ್ಡಿನ ಬಲಮೂಲೆಯಲ್ಲಿ ‘ಅನೀಲ ಆರ್ಟ್ಸ್, ಇಂಡಿ’ ಎಂದು ಹಾಕುತ್ತಿದ್ದೆ. ಅದು ಗಾಡಿಯ ಮೇಲೆ ಇದ್ದಾಗಲೂ ಹೆಬ್ಬೆರಳಿನಷ್ಟೇ ಇತ್ತು, ಹದಿನಾರು ಫೂಟಿನ ಮೇಲೂ ಹೆಬ್ಬೆರಳಿನಷ್ಟೇ. ಏಣಿಯ ಮೇಲೆ ನಿಂತಾಗ ಕೆಳಗಿನಿಂದ ಯಾರಾದರೂ ‘ಬಾಬು ಸೇಠ ಅದಾರೇನ್ರಿ?’ ಎಂದು ಕೇಳಿದರೆ ನನ್ನ ಕೈ ಅಲ್ಲಿಯೇ ನಿಲ್ಲುತ್ತಿತ್ತು. ಸೇಠ! ‘ಬ್ಯಾಡ’ ಎನ್ನುವುದನ್ನು ಬಿಟ್ಟು ಏನೂ ಬರದ ಹುಡುಗನಿಗೆ.

ಇನ್ನು ಮನೆಯ ಮಾತು. ಬಸಂತರಾಯರು ಮಗನ ಹತ್ತಿರ ಸಿಂದಗಿಗೆ ಹೋದ ಮೇಲೆ ಅವರ ಮನೆಗೆ ಕೀಲಿ ಬಿದ್ದಿತ್ತು. ನಿನ್ನ ಗಾಡಿಗೆ ಬರ್ಫ ಬರುವವರೆಗೆ ನಾವಿಬ್ಬರೂ ಅದರ ಕಟ್ಟೆಯ ಮೇಲೆ ಕೂಡುತ್ತಿದ್ದೆವು. ಒಂದು ಮುಂಜಾನೆ ನಾನು, ‘ಮನಿ ಅಂತ ತಗೊಂಡ್ರ ಇದನ್ನ ತಗೋತೇನಿ ನೋಡ್ಲೇ’ ಎಂದೆ.

‘ಯಾಕ? ಇದರಾಗ ಏನೈತಿ?’

‘ಬಾಗಲದ ಮ್ಯಾಲೆ ನೋಡು. ನಾಕ ಫೂಟ ಉದ್ದ, ಒಂದ ಫೂಟ ಅಗಲ, ಸಾಫ್ ಗಚ್ಚು. ಅಲ್ಲೆ ನಮ್ಮವ್ವನ ಹೆಸರ ಬರಿತೇನಿ.’

ನೀನು ಕಣ್ಣು ಕಿರಿದು ಮಾಡಿ ನೋಡಿ, ‘ಜಾಗಾ ಚಲೋ ಐತಿ’ ಎಂದೆ. ಅದನ್ನು ಅಂದವನು ನಾನು ಮರೆತೆ. ಕೇಳಿದವನು ನೀನು ಮರೆಯಲಿಲ್ಲ.

ಹೋದ ವರ್ಷ ಸಂಕ್ರಮಣ ಮುಗಿದ ಮೇಲೆ ಓಡುತ್ತ ಬಂದೆ. ‘ಪೇಂಟರ, ಬಸಂತರಾಯರ ಮನಿ ಮಾತಾತು. ನೀ ತೋರ್ಸಿದ್ದ ಮನಿನೇ!’ ನನಗೂ ಖುಷಿಯಾಗುತ್ತದೆ ಎಂದು ನೀನು ನಂಬಿದ್ದೆ. ‘ಅವ್ವ ಬರ್ತಾಳ. ಬಾಡಿಗಿ ಖೋಲಿಗೆ ಬರಂಗಿಲ್ಲ ಅಂದಿದ್ಲು, ನಿನ್ನ ಮನಿ ಆದ ದಿನ ಬರ್ತೇನಿ ಅಂದಿದ್ಲು. ಬಾಗಲಕ್ಕ ಕಟ್ಟಾಕ ಕನ್ನಡಿ ಹಚ್ಚಿದ ಅರಿವಿ ತೋರಣಾ ಹೊಲ್ಯಾಕತ್ತಾಳಂತ.’

ಅವತ್ತು ಸಂಜೆ ನಮ್ಮವ್ವ ರೊಟ್ಟಿ ಬಡಿಯುತ್ತ ಅಂದಳು: ‘ಮಂದಿ ಭಾಷಾ, ಮಂದಿ ಊರು. ಆದ್ರೂ ಮನಿ ತಗೊಂಡ. ನೀ ಹುಟ್ಟಿದ ಊರಾಗ ಇದ್ದು ಒಂದ ಸೈಕಲ್ ಉಳಿಸ್ಕೊಳ್ಳಲಿಲ್ಲ.’

ಬಸವನ ಬಾಗೇವಾಡಿಯಲ್ಲಿ ಒಂದು ಬೋರ್ಡಿನ ಕೆಲಸ ಇತ್ತು. ಲಕೋಟೆಯ ಮೇಲೆ ಇಂಡಿಯ ಠಸ್ಸೆ ಬೀಳಬಾರದೆಂದು ಮೂಗರ್ಜಿಯನ್ನು ಅಲ್ಲಿಂದಲೇ ಅಂಚೆಗೆ ಹಾಕಿದೆ, ಅಷ್ಟು ಬುದ್ಧಿ ಓಡಿತು. ಬರೆಯುವಾಗ ಮಾತ್ರ ಓಡಲಿಲ್ಲ. ಗುರುತು ಸಿಗದಿರಲಿ ಎಂದು ಮೊದಲು ಎಡಗೈಯಿಂದ ಬರೆದೆ. ಅಕ್ಷರಗಳು ಕಾಲು ಮುರಿದ ಕೋಳಿಯ ಹಾಗೆ ಕಂಡವು. ನೋಡಲು ಆಗಲಿಲ್ಲ, ಹರಿದೆ. ಮತ್ತೊಂದು ಹಾಳೆಗೆ ಗೆರೆ ಎಳೆದು ಬಲಗೈಯಿಂದ ನೆಟ್ಟಗೆ ಬರೆದೆ. ಮೂಗರ್ಜಿಯನ್ನು ಚಂದ ಬರೆದ ಹುಚ್ಚ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಈತ ಹೊರಗಿನವನು ಎಂದು ಬರೆದೆ. ನಿಜ. ರೇಷನ್ ಕಾರ್ಡ್ ಇಲ್ಲ ಎಂದೆ. ಆಗ ಅದೂ ನಿಜ. ಕೊನೆಗೆ, ‘ಇವನಿಗೆ ಹಿಂದೆ ಮುಂದೆ ಯಾರೂ ಇಲ್ಲ, ಯಾರ ಮಗನೆಂದು ಊರಲ್ಲಿ ಯಾರಿಗೂ ಗೊತ್ತಿಲ್ಲ’ ಎಂದು ಬರೆದೆ. ಧಾಪೂದೇವಿ, ಗಂಡ ದಿವಂಗತ ಮೋತಿರಾಮ ಎಂದು ಎರಡು ವರ್ಷ ಬರೆದ ಕೈ ಅದು. ಅಲ್ಲಿಯವರೆಗೆ ಸುಳ್ಳು ಹೇಳಿದ್ದು ನೆನಪಿಲ್ಲ. ಮೊದಲನೆಯದನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿದೆ.

ಬಸಂತರಾಯರು ಹೆದರುವ ಸ್ವಭಾವದವರು. ನಿಮ್ಮೂರ ಪಂಚಾಯಿತಿಯ ಕಾಗದ ತರಿಸು ಎಂದರು. ಅದು ಹಿಂದಿಯಲ್ಲಿ ಬಂತು. ಕನ್ನಡ ಮಾಡಿಸಿ ಶಿಕ್ಕಾ ಹಾಕಿಸು ಎಂದರು. ರೇಷನ್ ಕಾರ್ಡ್ ಆಗಲಿ ಎಂದರು. ಹನ್ನೊಂದು ತಿಂಗಳು ಹೋದವು, ಆಮೇಲೆ ಖರೀದಿಯಾಯಿತು. ನಡುವೆ ಶ್ರಾವಣದಲ್ಲಿ ನಿಮ್ಮವ್ವ ತೀರಿಕೊಂಡಳು. ನೀನು ತಲೆ ಬೋಳಿಸಿಕೊಂಡು ತಿರುಗಿ ಬಂದ ದಿನ ನಾನು ಅಂಗಡಿಗೆ ಬಂದಿದ್ದೆ. ಮಾತಾಡಿಸಲು ಬಂದವನು ನಾನು, ಕುರ್ಚಿ ಎಳೆದು ‘ಕೂಡು’ ಎಂದವನು ನೀನು. ನಿನ್ನ ಟ್ರಂಕಿನಲ್ಲಿ ಆ ತೋರಣ ಮಡಚಿ ಇಟ್ಟಿದ್ದು ಕಂಡಿತು. ಒಂದು ಕಡೆ ಕನ್ನಡಿ ಹಚ್ಚುವುದು ಉಳಿದಿತ್ತು.

ಹೋದ ಶುಕ್ರವಾರ ನೀನು ಬಂದು, ‘ಪೇಂಟರ, ಬಾಗಲದ ಮ್ಯಾಲಿನ ಜಾಗಾ ಖಾಲಿ ಐತಿ. ಅವ್ವನ ಹೆಸರ ಬರಿ’ ಎಂದಾಗ ಇಲ್ಲ ಎನ್ನಬೇಕಿತ್ತು. ಏಣಿ ಹೊತ್ತು ಬಂದೆ. ದಾರ ಹಿಡಿದು ಗೆರೆ ಹೊಡೆದೆ, ಅಳೆದೆ, ‘ಧಾಪೂ ನಿವಾಸ’ ಎಂದು ಬರೆದೆ. ಅದರಷ್ಟು ಚಂದ ನಾನು ಎಲ್ಲಿಯೂ ಬರೆದಿಲ್ಲ. ನೀನು ಕೆಳಗೆ ನಿಂತು ಬಹಳ ಹೊತ್ತು ನೋಡಿದೆ.

‘ಮೂಲ್ಯಾಗ ನಿನ್ನ ಹೆಸರ ಎಲ್ಲೈತಿ?’

‘ಮನಿ ಮ್ಯಾಲೆ ಹಾಕಂಗಿಲ್ಲ,’ ಎಂದೆ. ಅದು ನನ್ನ ಎರಡನೇ ಸುಳ್ಳು.

ಬಸವ ಜಯಂತಿಯ ದಿನ ನಿನ್ನ ವಾಸ್ತುಶಾಂತಿಯ ಊಟಕ್ಕೆ ಬಸಂತರಾಯರು ನನ್ನ ಮಗ್ಗುಲಲ್ಲೇ ಕೂತಿದ್ದರು. ಹೋಳಿಗೆ ಮುರಿಯುತ್ತ ಮೂಗರ್ಜಿಯ ಮಾತು ತೆಗೆದರು. ‘ಬಂದ ಮರುದಿನಾನ ಬಾಬುಗ ತೋರ್ಸಿದ್ದೆ ತಮ್ಮಾ. ಎರಡ ಸಲ ಓದಿದ. ಯಾರ ಬರದಾರ ಗುರ್ತ ಸಿಗತೈತೇನಪಾ ಅಂದೆ. ಏನಂದ ಗೊತ್ತೈತೇನ? ಗೊತ್ತಿಲ್ರಿ, ಆದ್ರ ಅಕ್ಷರ ಭಾಳ ಚಲೋ ಅದಾವ, ಅಂದ.’ ಹೇಳಿ ಅವರು ನಕ್ಕರು.

ಅಂದರೆ ಮೊದಲ ದಿನದಿಂದ ನಿನಗೆ ಗೊತ್ತಿತ್ತು. ನಾನು ತಿದ್ದಿಸಿದ ಅಕ್ಷರ ನಿನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಆ ಹನ್ನೊಂದು ತಿಂಗಳೂ ಶರಬತ್ತು ಕೊಟ್ಟೆ. ಅವ್ವನ ಹೆಸರು ಬರೆಯಲು ನನ್ನನ್ನೇ ಕರೆದೆ. ಬಾಬು, ನೀನು ಒಂದು ಸಲ ಕಪಾಳಕ್ಕೆ ಹೊಡೆದಿದ್ದರೆ ನಾನು ಉಳಿಯುತ್ತಿದ್ದೆ. ಅಂಗಡಿ, ಮನೆ ಎಲ್ಲದರಲ್ಲೂ ನೀನು ಮುಂದೆ ಹೋದೆ, ನಾನು ತಡೆದುಕೊಂಡೆ. ಒಳ್ಳೆಯವನಾಗುವುದರಲ್ಲೂ ಮುಂದೆ ಹೋದರೆ ನನಗೆ ನಿಲ್ಲಲು ಜಾಗವೆಲ್ಲಿ? ನೋಡು, ಕ್ಷಮೆ ಕೇಳಲು ಕೂತವನು ಇದಕ್ಕೂ ಹೊಟ್ಟೆ ಉರಿಸಿಕೊಳ್ಳುತ್ತಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ನಬಿಸಾಬ ಚಾಚಾನ ಮಗ ಅಮೀರ ಗೋವಾದ ವಾಸ್ಕೋದಲ್ಲಿದ್ದಾನೆ. ಅಲ್ಲಿ ಅದಿರು ಸಾಗಿಸುವ ಬಾರ್ಜುಗಳಿಗೆ ಬಣ್ಣ ಬಳಿದು ಹೆಸರು ಬರೆಯುವ ಕೆಲಸವಿದೆಯಂತೆ. ಅಲ್ಲಿಗೆ ಹೊರಟಿದ್ದೇನೆ. ಇಲ್ಲಿ ಇನ್ನು ಅಂಗಡಿ ಬೋರ್ಡುಗಳೆಲ್ಲ ಫ್ಲೆಕ್ಸ್ ಆಗುತ್ತವೆ, ನಿನಗೇ ಗೊತ್ತು. ‘ಖೋಲಿ ಸಿಗೂದ ಕಷ್ಟ ಐತಿ ನೋಡು,’ ಎಂದು ಅಮೀರ ಫೋನಿನಲ್ಲಿ ಹೇಳಿದ. ‘ಬಿಜಾಪುರ ಕಡ್ಯಾಂವ ಅಂದ ಕೂಡ್ಲೆ ಘಾಟಿ, ಘಟ್ಟದ ಮ್ಯಾಲಿನಾಂವ ಅಂತ ಬಾಗಲಾ ಹಾಕ್ಕೋತಾರ. ಮೊದಲ ಅವರ ಭಾಷಾದಾಗ ಎರಡ ಶಬ್ದರ ಕಲಿ.’ ಯಾವ ಎರಡು ಶಬ್ದ ಎಂದು ಕೇಳಲಿಲ್ಲ.

ಕ್ಷಮಿಸು ಎಂದು ಕೇಳುತ್ತೇನೆ. ನನಗಾಗಿ ಕೇಳುವುದು ಅಷ್ಟೇ. ನಮ್ಮವ್ವನಿಗೆ ಇದನ್ನು ಹೇಳಬೇಡ ಎಂದು ಮಾತ್ರ ಬೇಡುವುದಿಲ್ಲ, ಹೇಳಬೇಕೆನ್ನಿಸಿದರೆ ಹೇಳು. ನಿನ್ನ ಹೆಂಡತಿ, ಮಗಳು, ನೀನು ಆ ಮನೆಯಲ್ಲಿ ತಣ್ಣಗಿರಿ. ತೋರಣದಲ್ಲಿ ಉಳಿದ ಕನ್ನಡಿಗಳನ್ನು ಯಾರಿಂದಲೂ ಹಚ್ಚಿಸಬೇಡ, ಹಾಗೆಯೇ ಇರಲಿ.

ಈ ಸಲ ಸಹಿ ಹಾಕುತ್ತಿದ್ದೇನೆ.

ನಿನ್ನ
ಅನೀಲಕುಮಾರ

ತಾ. ಕ.: ಊರು ಬಿಡಲು ಕಾರಣ ಮೂಗರ್ಜಿ ಎಂದು ತಿಳಿಯಬೇಡ. ವಾಸ್ತುಶಾಂತಿಯ ದಿನ ತುಂಬಿದ ಕೊಡ ಹಿಡಿದು ಮೊದಲು ಯಾರು ಒಳಗೆ ಕಾಲಿಡಬೇಕೆಂಬ ಮಾತು ಬಂದಾಗ ಮುತ್ತೈದೆಯರೆಲ್ಲ ಮುಂದೆ ಇದ್ದರು. ನೀನು ಅವರನ್ನು ದಾಟಿ ಹಿಂದೆ ಗೋಡೆಗೆ ನಿಂತಿದ್ದ ನಮ್ಮವ್ವನ ಕೈಗೆ ಕೊಡ ಕೊಟ್ಟೆ. ‘ಗಂಡ ಇಲ್ಲದಾಕಿ ಹೆಂಗ ಮೊದಲ ಹೋಗ್ತಾಳಪಾ?’ ಎಂದು ಓಣಿಯ ತಿಪ್ಪವ್ವ ಕೇಳಿದಳು. ‘ನಮ್ಮವ್ವ ಇದ್ದಿದ್ರ ಆಕಿನೂ ಹಿಂಗ ಇರ್ತಿದ್ಲರಿ,’ ಎಂದೆ ನೀನು. ನಾನು ಆ ಪತ್ರ ಬರೆಯದೆ ಇದ್ದಿದ್ದರೆ ಆ ಕೊಡ ಧಾಪೂದೇವಿಯ ಕೈಯಲ್ಲಿರುತ್ತಿತ್ತು.

ಸಂಜೆ ಮನೆಗೆ ಬಂದು ಅವ್ವ ನೀನು ಉಡಿಸಿದ ಸೀರೆಯನ್ನು ಮಡಚುತ್ತ, ‘ಅರವತ್ತ ವರ್ಷಕ್ಕ ಒಂದ ಸ್ವಂತ ಮನಿ ಹೊಸ್ತಲಾ ದಾಟಿದೆ’ ಎಂದಳು. ನನ್ನನ್ನು ಚುಚ್ಚಲು ಅಂದದ್ದಲ್ಲ. ನಾನು ಮೂಲೆಯಲ್ಲಿ ಕೂತಿದ್ದೇನೆಂಬುದು ಅವಳಿಗೆ ನೆನಪೇ ಇರಲಿಲ್ಲ. ಸೀರೆಗೆ ಹೇಳಿಕೊಂಡಳು, ನಗುತ್ತ.

ನಾಳೆ ಮುಂಜಾನೆ ಆರೂವರೆಯ ಬಸ್ಸಿಗೆ ಹೋಗುತ್ತೇನೆ.